ಎರಡು ಬಯಾಪ್ಸಿ, ನಡುವೆ ಎಂಟು ವಾರ ಚಪಾತಿ

"ಉಂಡದ್ದು ಮೈಗೆ ಹತ್ತಂಗಿಲ್ರಿ." ಮೊದಲ ದಿನ ಅಜ್ಜಿ ಹೇಳಿದ ಈ ಮಾತನ್ನು ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಹಾಗೇ ಬರೆದುಕೊಂಡಿದ್ದೆ. ಈಗ ಆ ಹಾಳೆ ತೆಗೆದು ನೋಡಿದರೆ ರೋಗದ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಅಜ್ಜಿಯೇ ಹೇಳಿಬಿಟ್ಟಿದ್ದರು ಅನಿಸುತ್ತದೆ. ಆ ಹೆಸರು ನನಗೆ ಹೊಳೆಯಲು ಏಳು ತಿಂಗಳು ಹಿಡಿಯಿತು. ಖಾತ್ರಿಯಾಗಲು ಇನ್ನೂ ಐದು. ಈ ಹನ್ನೆರಡು ತಿಂಗಳಲ್ಲಿ ಎಲ್ಲೆಲ್ಲಿ ತಪ್ಪಿದೆವು, ಎಲ್ಲಿ ದಾರಿಗೆ ಬಂದೆವು ಎಂದು ಹೇಳಲು ಈ ಬರಹ.

ಹುಡುಗಿಯನ್ನು ಚಿನ್ನಿ ಎಂದು ಕರೆಯುತ್ತೇನೆ. ಊರು, ಆಸ್ಪತ್ರೆಗಳು, ಮನೆಯವರ ಗುರುತು ಹತ್ತಬಹುದಾದ ಸಂಗತಿಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ಉತ್ತರ ಕರ್ನಾಟಕದ ಕರಿಮಣ್ಣಿನ ಸೀಮೆಯ ಒಂದು ತಾಲ್ಲೂಕು ಊರಲ್ಲಿ ನನ್ನ ಮಕ್ಕಳ ಕ್ಲಿನಿಕ್ ಎಂದರೆ ಸಾಕು.

ಎಂಟು ಖಾಲಿ ಬಾಟಲಿ

ಮೊದಲ ಸಲ ಬಂದಾಗ ಚಿನ್ನಿಗೆ 5 ವರ್ಷ 4 ತಿಂಗಳು. ತೂಕ 12.8 ಕಿಲೋ, ಎತ್ತರ 98 ಸೆಂ.ಮೀ. ಆ ವಯಸ್ಸಿನ ಹುಡುಗಿ 18–19 ಕಿಲೋ ತೂಗಬೇಕು, 111 ಸೆಂ.ಮೀ. ಆಸುಪಾಸು ಇರಬೇಕು. ಕೈಕಾಲು ಕಡ್ಡಿ, ಹೊಟ್ಟೆ ಮುಂದಕ್ಕೆ, ಕುಂಡಿಯ ಚರ್ಮ ಮಡಿಕೆ ಬಿದ್ದು ಸಡಿಲ ಚಡ್ಡಿಯ ಹಾಗೆ ಜೋತಿತ್ತು. ದಿನಕ್ಕೆ ಮೂರು ಸಲ ಮೆತ್ತಗಿನ, ಬಿಳಿಚಿದ ಮಲ; ಎರಡು ಚೊಂಬು ನೀರು ಸುರಿದರೂ ಹೋಗುವುದಿಲ್ಲ ಎಂಬುದು ತಾಯಿಯ ದೂರು. ಎಲ್ಲಕ್ಕಿಂತ ಹೆಚ್ಚಾಗಿ ಆ ಮಗುವಿನ ಮುಖ. ಆಟದ ಸಾಮಾನು ಕೊಟ್ಟರೆ ತೆಗೆದುಕೊಳ್ಳಲಿಲ್ಲ, ಸ್ಟೆತಸ್ಕೋಪ್ ಇಟ್ಟರೆ ಅಳಲಿಲ್ಲ. ಸಿಟ್ಟಿನಲ್ಲಿ ಸುಮ್ಮನೆ ನೋಡುತ್ತ ಕೂತಿತ್ತು.

"ದೃಷ್ಟಿ ತೆಗ್ಸೀವ್ರಿ, ತಾಯತಾನೂ ಕಟ್ಸೀವಿ. ಹೊಟ್ಟಿ ಮಾತ್ರ ಗಡಿಗಿ ಆಗೈತ್ರಿ" ಅಂದರು ಅಜ್ಜಿ.

ಹಿಮೋಗ್ಲೋಬಿನ್ 7.4. ಕೆಂಪು ರಕ್ತಕಣಗಳು ಸಣ್ಣವು, ಕಬ್ಬಿಣದ ದಾಸ್ತಾನು ತಳ ಕಂಡಿತ್ತು. ನಮ್ಮ ಕಡೆ ದಿನಕ್ಕೆ ಇಂಥ ನಾಲ್ಕು ಮಕ್ಕಳನ್ನು ನೋಡುತ್ತೇವೆ. ಹುಳದ ಗುಳಿಗೆ ಕೊಟ್ಟೆ, ಕಬ್ಬಿಣದ ಸಿರಪ್ ಬರೆದೆ, ಮಲ ಪರೀಕ್ಷೆ ಮಾಡಿಸಿದೆ, ಏನೂ ಸಿಗಲಿಲ್ಲ. ಚೀಟಿಯ ಕೆಳಗೆ ಊಟದ ಸಲಹೆಯನ್ನೂ ಬರೆದೆ. ಅದು ನನ್ನದೇ ಕೈಬರಹ, ಈಗಲೂ ಅವರ ಫೈಲಿನಲ್ಲಿದೆ: ವಾರಕ್ಕೆ ಮೂರು ದಿನ ಗೋಧಿ ಹುಗ್ಗಿ, ಹಾಲಿಗೆ ಮಾಲ್ಟ್ ಪುಡಿ. ಮಾಲ್ಟ್ ಅಂದರೆ ಮೊಳಕೆ ಬರಿಸಿದ ಬಾರ್ಲಿ. ಯಾವ ಎರಡು ಧಾನ್ಯ ಆ ಮಗುವಿನ ಕರುಳನ್ನು ಸವೆಸುತ್ತಿದ್ದವೋ ಅವೆರಡನ್ನೂ ಔಷಧಿಯ ಚೀಟಿಯಲ್ಲೇ ಬರೆದುಕೊಟ್ಟಿದ್ದೆ.

ಏಳು ತಿಂಗಳ ಮೇಲೆ ಹಿಮೋಗ್ಲೋಬಿನ್ 7.9. ಕಬ್ಬಿಣ ಕೊಟ್ಟ ಮಗುವಿನಲ್ಲಿ ಒಂದೇ ತಿಂಗಳಿಗೆ ಒಂದು ಅಂಕಿ ಏರಬೇಕಾದದ್ದು, ಏಳು ತಿಂಗಳಿಗೆ ಅರ್ಧ ಏರಿತ್ತು. ಇಂಥ ಹೊತ್ತಿನಲ್ಲಿ ನಮ್ಮ ಬಾಯಿಗೆ ಮೊದಲು ಬರುವ ಪ್ರಶ್ನೆಯನ್ನೇ ಕೇಳಿದೆ: "ಅಕ್ಕಾರ, ಔಷಧ ದಿನಾ ಹಾಕ್ತೀರೋ ಇಲ್ಲೋ?" ತಾಯಿ ಮಾತಾಡಲಿಲ್ಲ. ಮುಂದಿನ ವಾರ ಒಂದು ಕೈಚೀಲ ಹಿಡಿದು ಬಂದು ಮೇಜಿನ ಮೇಲೆ ಒಂದೊಂದೇ ಬಾಟಲಿ ಇಟ್ಟರು. ಎಂಟು ಖಾಲಿ ಬಾಟಲಿ. ತೊಳೆದು ಒಣಗಿಸಿದ್ದರು, ಮುಚ್ಚಳದ ಸಮೇತ.

ಲೆಕ್ಕ ಹಾಕಿದರೆ ಏಳು ತಿಂಗಳಿಗೆ ಸರಿಯಾಗಿ ಅಷ್ಟೇ ಬಾಟಲಿ ಬೇಕು. ಮಗು ಕುಡಿದಿದೆ, ಕರುಳು ಹೀರಿಲ್ಲ. ಉಂಡದ್ದು ಮೈಗೆ ಹತ್ತುತ್ತಿಲ್ಲ. ಕೇಸಿನ ಮೊದಲ ತಿರುವು ಆ ಬಾಟಲಿಗಳೇ, ನನ್ನ ಬುದ್ಧಿಯಲ್ಲ.

ಆಗ ತಾಯಿ ಕಾರ್ಡ್ ಕೇಳಿ ತೆಗೆಸಿದೆ. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿನ ದಿನ 8.1 ಕಿಲೋ, ಸರಿಯಾಗಿಯೇ ಇದೆ. ಒಂದೂವರೆ ವರ್ಷಕ್ಕೆ 9.2. ಅಲ್ಲಿಂದ ಗೆರೆ ಮಲಗಿಬಿಟ್ಟಿದೆ. ಹುಟ್ಟಿದಾಗಿನಿಂದ ಬಡಕಲಾದ ಮಗು ಬೇರೆ, ಚೆನ್ನಾಗಿ ಬೆಳೆಯುತ್ತಿದ್ದು ನಡುವೆ ನಿಂತ ಮಗು ಬೇರೆ. ಎಂಟು-ಒಂಬತ್ತು ತಿಂಗಳಿಗೆ ಏನು ಶುರು ಮಾಡಿದಿರಿ ಎಂದು ಕೇಳಿದೆ. ರವೆ ಗಂಜಿ, ಹಾಲಲ್ಲಿ ನೆನೆಸಿದ ಚಪಾತಿ, ಆಮೇಲೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. "ಬ್ಯಾರೇ ಏನೂ ತಿನ್ನಂಗಿಲ್ರಿ, ಬಿಸ್ಕಿಟ್ ಒಂದು ತಿಂತಾಳ" ಅಂದರು. ಪಾಪ, ತಿನ್ನುವುದೊಂದನ್ನಾದರೂ ಕೊಡೋಣ ಎಂದು ದಿನಕ್ಕೆ ಎರಡು ಪೊಟ್ಟಣ.

ನಮ್ಮ ಕಡೆ ಇಲ್ಲ ಎಂಬ ನಂಬಿಕೆ

ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಸವೆಯುವ ಸೀಲಿಯಾಕ್ ಕಾಯಿಲೆ ನನಗೆ ಯಾಕೆ ಹೊಳೆಯಲಿಲ್ಲ? ಅದು ಪಂಜಾಬ್, ಹರಿಯಾಣ, ರಾಜಸ್ಥಾನದ ಕಾಯಿಲೆ ಎಂದೇ ಓದಿದವರು ನಾವು. ಅದು ಪೂರ್ತಿ ಸುಳ್ಳೂ ಅಲ್ಲ. ದೇಶದ ಮೂರು ದಿಕ್ಕುಗಳ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರದಲ್ಲಿ ನೂರಕ್ಕೆ 1.23 ಜನರ ರಕ್ತದಲ್ಲಿ ಸೀಲಿಯಾಕ್‌ನ ಪ್ರತಿಕಾಯ ಇತ್ತು, ದಕ್ಷಿಣದಲ್ಲಿ 0.10. ಆದರೆ ಅದೇ ಅಧ್ಯಯನದ ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ರೋಗಕ್ಕೆ ಬೇಕಾದ ಡಿಕ್ಯು2, ಡಿಕ್ಯು8 ಎಂಬ ಅನುವಂಶಿಕ ಗುರುತು ಎರಡೂ ಕಡೆ ಸುಮಾರು ಮೂರರಲ್ಲೊಬ್ಬರಿಗೆ ಇತ್ತು. ವ್ಯತ್ಯಾಸ ತಟ್ಟೆಯಲ್ಲಿತ್ತು: ಉತ್ತರದವರು ದಿನಕ್ಕೆ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25. ನಕಾಶೆಯಲ್ಲಿ ನಾವು ದಕ್ಷಿಣದವರು ನಿಜ, ಆದರೆ ನಮ್ಮ ಸೀಮೆಯ ತಟ್ಟೆ ಅನ್ನದ ದಕ್ಷಿಣದ್ದಲ್ಲ. ರೊಟ್ಟಿ ಇದ್ದ ಜಾಗಕ್ಕೆ ನನ್ನ ಕಣ್ಣೆದುರೇ ಚಪಾತಿ ಬಂದು ಕೂತಿದೆ.

ರಕ್ತದಲ್ಲಿ ಟಿಟಿಜಿ ಐಜಿಎ ಮಾಡಿಸಿದೆ. ಗ್ಲುಟೆನ್‌ನಿಂದ ಕೆರಳಿದ ದೇಹ ತನ್ನದೇ ಒಂದು ಕಿಣ್ವದ ವಿರುದ್ಧ ಕಟ್ಟುವ ಪ್ರತಿಕಾಯ ಅದು. 68 ಬಂತು, ಆ ಪ್ರಯೋಗಾಲಯದ ಮಿತಿ 20. ಮೈಯಲ್ಲಿರುವ ಐಜಿಎ ಬಗೆಯ ಪ್ರತಿಕಾಯಗಳ ಒಟ್ಟು ಮೊತ್ತ ಸರಿ ಇತ್ತು. ಇದನ್ನು ಜೊತೆಗೇ ನೋಡದಿದ್ದರೆ ಐಜಿಎ ಕೊರತೆ ಇರುವ ಮಗುವಿನಲ್ಲಿ ಟಿಟಿಜಿ ಸುಳ್ಳೇ ಸಹಜ ಎಂದು ತೋರಿಸಬಹುದು.

ಇಲ್ಲಿ ತಂದೆ ಕೇಳಿದ ಪ್ರಶ್ನೆ ನ್ಯಾಯವಾದದ್ದು. ರಕ್ತದಲ್ಲಿ ಬಂತಲ್ಲ, ಮತ್ತೆ ಕರುಳಿನ ತುಣುಕು ಯಾಕೆ? ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ ಸಂಘ 2012ರಲ್ಲಿ ಮೊದಲು, 2020ರಲ್ಲಿ ಇನ್ನಷ್ಟು ಸಡಿಲವಾಗಿ, ಹಾಗೆ ತುಣುಕು ತೆಗೆದು ನೋಡುವ ಬಯಾಪ್ಸಿ ಇಲ್ಲದೆಯೂ ಕೆಲವು ಮಕ್ಕಳಲ್ಲಿ ರೋಗ ನಿರ್ಧರಿಸಬಹುದು ಎಂದಿದೆ. ಅದಕ್ಕೆ ಟಿಟಿಜಿ ಮಿತಿಯ ಹತ್ತು ಪಟ್ಟು ದಾಟಿರಬೇಕು, ಇನ್ನೊಮ್ಮೆ ತೆಗೆದ ರಕ್ತದಲ್ಲಿ ಇಎಂಎ ಎಂಬ ಪ್ರತಿಕಾಯವೂ ಸಿಗಬೇಕು. ಚಿನ್ನಿಯದು ಮೂರೂವರೆ ಪಟ್ಟೂ ಇರಲಿಲ್ಲ. ಈ ನಡುವಿನ ಪಟ್ಟಿಯಲ್ಲಿ ಬೀಳುವ ಮಗುವಿಗೆ ಕರುಳನ್ನು ನೋಡದೆ ಜೀವಮಾನದ ಪಥ್ಯ ಹೇಳುವುದು ಊಹೆಯ ಮೇಲೆ ಶಿಕ್ಷೆ ಕೊಟ್ಟ ಹಾಗೆ.

"ಹೊಟ್ಟಿ ಕೊಯ್ತಾರೇನ್ರಿ?" ಅಂದರು ತಾಯಿ. ಇಲ್ಲ, ಬಾಯಿಂದ ನಳಿಕೆ ಬಿಡುತ್ತಾರೆ, ಮಗುವಿಗೆ ನಿದ್ದೆ ಬರಿಸಿರುತ್ತಾರೆ, ಸಾಸಿವೆ ಕಾಳಿನಷ್ಟು ಚಿವುಟುತ್ತಾರೆ ಎಂದೆಲ್ಲ ಹೇಳಿದೆ. ಹೇಳಬೇಕಾದ ಒಂದು ವಾಕ್ಯ ಬಿಟ್ಟೆ.

ಓರೆ ಬಿದ್ದ ತುಣುಕು

ನಗರದ ಒಂದು ಆಸ್ಪತ್ರೆಯಲ್ಲಿ ಐದು ವಾರಕ್ಕೆ ದಿನ ಸಿಕ್ಕಿತು. ಚಿನ್ನಿಯ ತಂದೆಯ ಸೋದರಸಂಬಂಧಿಯೊಬ್ಬರು ಗುರುಗ್ರಾಮದಲ್ಲಿ ಕೆಲಸಕ್ಕಿದ್ದಾರೆ. ಅವರ ಪಕ್ಕದ ಮನೆಯ ಮಗುವಿಗೂ ಸೀಲಿಯಾಕ್. ರಿಪೋರ್ಟನ್ನು ಫೋನಿನಲ್ಲಿ ನೋಡಿದವರೇ, ಇವತ್ತೇ ಗೋಧಿ ನಿಲ್ಲಿಸಿ ಎಂದರಂತೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು, ಮನೆಯವರು ಕೇಳಿದರು. ಮೂರನೇ ವಾರಕ್ಕೆ ಹೊಟ್ಟೆ ಇಳಿಯಿತು. ಮಗು ಅಂಗಳದಲ್ಲಿ ಕುಂಟಾಬಿಲ್ಲೆ ಆಡಿತು. ಅಜ್ಜಿ ಊರಿನ ದೇವಿಗೆ ಉಡಿ ತುಂಬಿದರು. ಇದರಲ್ಲಿ ಯಾವುದೂ ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಬಯಾಪ್ಸಿ ಆಗುವವರೆಗೆ ಗೋಧಿ ಬಿಡಬೇಡಿ ಎಂಬ ಆ ಒಂದು ವಾಕ್ಯವನ್ನು ನಾನು ಹೇಳಿಯೇ ಇರಲಿಲ್ಲ. ಎಂಡೋಸ್ಕೋಪಿ ಕೋಣೆಯಲ್ಲೂ ಯಾರೂ ಕೇಳಲಿಲ್ಲ.

ಅಲ್ಲಿ ಡ್ಯುಯೋಡಿನಮ್‌ನ, ಅಂದರೆ ಸಣ್ಣ ಕರುಳಿನ ಆರಂಭದ, ಎರಡನೇ ಭಾಗದಿಂದ ಎರಡು ತುಣುಕು ತೆಗೆದರು. ಎರಡನ್ನೂ ನೇರ ಫಾರ್ಮಲಿನ್ ಬಾಟಲಿಗೆ ಬಿಟ್ಟರು. ಜೊತೆಗಿದ್ದ ಚೀಟಿಯಲ್ಲಿ ಬರೆದದ್ದು ಎರಡೇ ಪದ: ರಕ್ತಹೀನತೆ, ಬಯಾಪ್ಸಿ. ವರದಿ ಬಂತು. ವಿಲ್ಲೈಗಳು, ಅಂದರೆ ಕರುಳಿನ ಒಳಮೈಯಲ್ಲಿ ಆಹಾರ ಹೀರುವ ಸಣ್ಣ ಬೆರಳಿನಂಥ ಎಳೆಗಳು, ಅಲ್ಲಲ್ಲಿ ಮೊಟಕು, ದೀರ್ಘಕಾಲದ ಉರಿಯೂತ, ನಿರ್ದಿಷ್ಟವಲ್ಲ. ಟ್ರಾಪಿಕಲ್ ಸ್ಪ್ರೂ ಎಂಬ ಇನ್ನೊಂದು ಕರುಳಿನ ರೋಗ, ಜಿಯಾರ್ಡಿಯಾ ಎಂಬ ಪರೋಪಜೀವಿಯ ಸೋಂಕು, ಸೀಲಿಯಾಕ್ ಯಾವುದೂ ಇರಬಹುದು, ರೋಗಿಯ ಲಕ್ಷಣದೊಂದಿಗೆ ತಾಳೆ ನೋಡಿ.

ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂತು. ಲಕ್ಷಣ ತಾಳೆ ನೋಡಿ ಸಾಕಾಗಿಯೇ ತುಣುಕು ಕಳಿಸಿದ್ದು. ಪೆಥಾಲಜಿಸ್ಟರಿಗೆ ಫೋನ್ ಹಚ್ಚಿದೆ. ಅವರೂ ನಮ್ಮ ಸೀಮೆಯವರೇ. ಐದು ನಿಮಿಷದಲ್ಲಿ ನನ್ನ ಸಿಟ್ಟು ನಾಚಿಕೆಯಾಯಿತು.

"ಡಾಕ್ಟರ್ರ, ನಿಂತ ಜೋಳದ ಬೆಳಿ ನೋಡೀರಿ ಹೌದಿಲ್ಲೋ? ಕರುಳಿನ ಒಳಗ ವಿಲ್ಲೈ ಹಂಗ ನಿಂತಿರ್ತಾವು. ಸೀಲಿಯಾಕ್‌ನ್ಯಾಗ ಬೆಳಿ ಹೋಗಿ ಬರೇ ಕೂಳಿ ಉಳೀತೈತಿ. ಆದ್ರ ನೀವು ಕಳಿಸಿದ ತುಣುಕು ಬಾಟ್ಲ್ಯಾಗ ಮುದುಡಿ ಅಡ್ಡ ಬಿದ್ದೈತಿ, ನಾ ಓರೆ ಕೊಯ್ದೀನಿ. ಓರೆ ಕೊಯ್ದ ಮ್ಯಾಲ ನಿಂತ ಬೆಳೀನೂ ಗಿಡ್ಡ ಕಾಣ್ತೈತಿ. ಎಷ್ಟೆತ್ತರ ಇತ್ತು ಅಂದ್ರ ಹ್ಯಾಂಗ ಹೇಳ್ಲಿ? ಟಿಟಿಜಿ ಎಷ್ಟು ಅಂತ ಬರದಿಲ್ಲ, ಕೂಸು ಗೋಧಿ ತಿಂತೈತೋ ಇಲ್ಲೋ ಅಂತಾನೂ ಬರದಿಲ್ಲ."

ತುಣುಕನ್ನು ಕೂರಿಸಿದ್ದ ಅದೇ ಮೇಣದ ಅಚ್ಚಿನಿಂದ ಇನ್ನಷ್ಟು ಆಳದ ಪದರಗಳನ್ನು ಕೊಯ್ದು ನೋಡಲು ಒಪ್ಪಿದರು. ವಿಲ್ಲೈಯ ಮೇಲ್ಪದರದಲ್ಲಿ ಬಿಳಿ ರಕ್ತಕಣಗಳು ಹೆಚ್ಚಿದ್ದವು, ಆದರೆ ಅಷ್ಟರಿಂದಲೇ ಸೀಲಿಯಾಕ್ ಎನ್ನಲಾಗದು. ಸೋಂಕು, ಬೇರೆ ಆಹಾರದ ಅಲರ್ಜಿ, ಅಪೌಷ್ಟಿಕತೆಯಲ್ಲೂ ಅವು ಹೆಚ್ಚುತ್ತವೆ. ಗೋಧಿ ಬಿಟ್ಟ ಸುದ್ದಿ ಆ ಸಂಜೆ ತಂದೆಗೆ ಫೋನ್ ಮಾಡಿದಾಗಲೇ ನನಗೆ ಗೊತ್ತಾದದ್ದು. ನಾಲ್ಕು ವಾರದ ಪಥ್ಯದಿಂದ ಸವೆದ ಕರುಳು ಪೂರ್ತಿ ಚಿಗುರುವುದಿಲ್ಲ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಆದರೆ ಎರಡೇ ತುಣುಕು, ಅವೂ ಓರೆ, ಮೇಲೆ ಅರ್ಧ ಚಿಗುರು. ಮೂರೂ ಸೇರಿ ವರದಿಯನ್ನು ಯಾವ ಕಡೆಗೂ ಇಲ್ಲದ ಹಾಗೆ ಮಾಡಿದ್ದವು.

"ವಿಷ ಅಂತ ಗೊತ್ತಿದ್ದೂ ಕೊಡ್ಲೇನ್ರಿ?"

ಮುಂದೇನು ಎಂಬುದೇ ಈ ಪ್ರಕರಣದ ಅತಿ ಕಷ್ಟದ ಹೊತ್ತು.

ಸುಲಭದ ದಾರಿ ಎದುರಿಗೇ ಇತ್ತು. ಮಗು ಗೋಧಿ ಬಿಟ್ಟು ಚೆನ್ನಾಗಿದೆ, ಹಾಗೇ ಮುಂದುವರಿಸಿ ಎನ್ನುವುದು. ನನ್ನ ಇಬ್ಬರು ಸ್ನೇಹಿತ ವೈದ್ಯರು ಅದನ್ನೇ ಹೇಳಿದರು. ಅನುವಂಶಿಕ ಪರೀಕ್ಷೆಯನ್ನೂ ಮಾಡಿಸಿದೆವು, ಡಿಕ್ಯು2 ಇತ್ತು. ಇಲ್ಲದಿದ್ದರೆ ಸೀಲಿಯಾಕನ್ನು ಬಹುಮಟ್ಟಿಗೆ ಕೈಬಿಡಬಹುದಿತ್ತು. ಇದ್ದುದರಿಂದ ಏನೂ ಇತ್ಯರ್ಥವಾಗಲಿಲ್ಲ. ಮೂರರಲ್ಲೊಬ್ಬರಿಗೆ ಇರುವಂಥದ್ದು ಅದು, ನನಗೂ ಇರಬಹುದು.

ನನ್ನನ್ನು ತಡೆದದ್ದು ತಂದೆಯ ಮಾತು. "ಹೆಣ್ಣ ಮಗಳು ಸಾಹೇಬ್ರ. ನಾಳೆ ಕೊಟ್ಟ ಮನ್ಯಾಗ ಚಪಾತಿ ಮುಟ್ಟಂಗಿಲ್ಲ ಅಂದ್ರ ಏನಂತಾರು? ಖರೇನ ಐತಿ ಅಂದ್ರ ಜಗತ್ತಿಗೆ ಹೇಳ್ತೀನಿ. ಇರಬಹುದು ಅಂದ್ರ ಏನ್ ಹೇಳ್ಲಿ?" ಇರಬಹುದು ಎಂಬ ಮಾತಿನ ಮೇಲೆ ಯಾವ ಮನೆಯೂ ಹತ್ತು ವರ್ಷ ಪಥ್ಯ ನಡೆಸುವುದಿಲ್ಲ. ಹದಿಮೂರು-ಹದಿನಾಲ್ಕಕ್ಕೆ ಹುಡುಗಿಯೇ ಬಿಟ್ಟುಬಿಡುತ್ತಾಳೆ. ಆಗ ಖಾತ್ರಿ ಮಾಡಿಕೊಳ್ಳಲು ಮತ್ತೆ ಗೋಧಿ ತಿನ್ನಿಸಬೇಕು, ಅದೂ ಮೈ ನೆರೆದು ಎತ್ತರ ಹೆಚ್ಚುವ ವಯಸ್ಸಿನಲ್ಲಿ. ಹಾಗೆ ಬೇಕೆಂದೇ ಗೋಧಿ ತಿನ್ನಿಸುವುದನ್ನು ಐದು ವರ್ಷದ ಒಳಗೂ, ಆ ಹರೆಯದ ಬೆಳವಣಿಗೆಯ ಹೊತ್ತಿನಲ್ಲೂ ಮಾಡಬಾರದು ಎನ್ನುತ್ತಾರೆ. ಚಿನ್ನಿಗೆ ಆಗ 6 ವರ್ಷ 2 ತಿಂಗಳು. ಗೋಧಿ ಬಿಟ್ಟು ಬರೀ ಒಂಬತ್ತು ವಾರ. ಮಾಡುವುದಿದ್ದರೆ ಈಗಲೇ.

ಹಿಂದಿನ ಕಾಲದ ಲೆಕ್ಕದಲ್ಲಿ ಇದು ಹೊಸದೇನಲ್ಲ. 1888ರಲ್ಲೇ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಇಂಥ ಮಕ್ಕಳನ್ನು ವರ್ಣಿಸಿ, ಗುಣವಾಗುವುದಾದರೆ ಅದು ಪಥ್ಯದಿಂದಲೇ ಎಂದಿದ್ದ. ಯಾವ ಪಥ್ಯ ಎಂಬುದು ಎರಡನೇ ಮಹಾಯುದ್ಧದ ಕಾಲಕ್ಕೆ ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆಗೆ ಸ್ಪಷ್ಟವಾಯಿತು: ಬ್ರೆಡ್ಡು ಸಿಗದ ದಿನಗಳಲ್ಲಿ ಆ ಮಕ್ಕಳು ಚೇತರಿಸಿಕೊಳ್ಳುತ್ತಿದ್ದರು, ಬ್ರೆಡ್ಡು ಮರಳಿದಾಗ ಮತ್ತೆ ಸೊರಗುತ್ತಿದ್ದರು. 1950ರ ದಶಕದ ಕೊನೆಗೆ ಬಂದ, ಕರುಳಿನ ತುಣುಕು ಕತ್ತರಿಸಿ ತರುವ ಕ್ರಾಸ್ಬಿ ಕ್ಯಾಪ್ಸೂಲನ್ನು ಮಗುವಿಗೆ ನುಂಗಿಸಿ, ಅದು ಕರುಳು ಮುಟ್ಟುವವರೆಗೆ ಎಕ್ಸ್‌ರೇಯಲ್ಲಿ ನೋಡುತ್ತ ಕಾಯಬೇಕಿತ್ತು. 1969ರ ಯುರೋಪಿನ ನಿಯಮದಂತೆ ಪ್ರತಿ ಮಗುವಿಗೂ ಮೂರು ಬಯಾಪ್ಸಿ: ಗೋಧಿ ತಿನ್ನುವಾಗ, ಬಿಟ್ಟ ಮೇಲೆ, ಮತ್ತೆ ತಿಂದ ಮೇಲೆ. 1990ರಲ್ಲಿ ಅದು ಒಂದಕ್ಕೆ ಇಳಿಯಿತು. ನಾವು ತಿಳಿಯದೆ ಎರಡನೆಯದರಿಂದ ಶುರು ಮಾಡಿದ್ದೆವು.

ತಾಯಿಗೆ ಇದನ್ನು ಹೇಳುವುದು ಹೇಗೆ? ದಿನಕ್ಕೆ ಎರಡು ಚಪಾತಿ, ಎಂಟು ವಾರ ಎಂದೆ. ಒಂದು ಸಾಧಾರಣ ಚಪಾತಿಯಲ್ಲಿ ಎರಡೂವರೆ-ಮೂರು ಗ್ರಾಂ ಗ್ಲುಟೆನ್ ಇರುತ್ತದೆ, ಎರಡು ಧಾರಾಳ ಸಾಕು. ಅವರು ಬಹಳ ಹೊತ್ತು ಸೆರಗಿನ ಅಂಚು ಮಡಚುತ್ತ ಕೂತರು.

"ವಿಷ ಅಂತ ಗೊತ್ತಿದ್ದೂ ಕೊಡ್ಲೇನ್ರಿ?"

ನನ್ನ ಹತ್ತಿರ ಚೆಂದದ ಉತ್ತರ ಇರಲಿಲ್ಲ. ಬದಲಿಗೆ ಒಪ್ಪಂದ ಮಾಡಿಕೊಂಡೆವು. ಪ್ರತಿ ಸೋಮವಾರ ನನ್ನ ತಕ್ಕಡಿಯಲ್ಲೇ ತೂಕ. ಅರ್ಧ ಕಿಲೋಗಿಂತ ಹೆಚ್ಚು ಇಳಿದರೆ, ವಾಂತಿ ಹತ್ತಿದರೆ, ಮಗು ಮಲಗಿಬಿಟ್ಟರೆ ಎಂಟು ವಾರಕ್ಕೆ ಕಾಯುವುದಿಲ್ಲ, ಮರುದಿನವೇ ಬಯಾಪ್ಸಿ. ಆಸ್ಪತ್ರೆಯವರೊಂದಿಗೂ ಅದನ್ನು ಮೊದಲೇ ಮಾತಾಡಿಟ್ಟೆ. ಈ ಸಲ ಮಕ್ಕಳ ಜೀರ್ಣಾಂಗ ತಜ್ಞರಿದ್ದ ಬೇರೆ ಕಡೆ.

ಹನ್ನೊಂದನೇ ದಿನ ಮಲ ಕೆಟ್ಟಿತು. ಮೂರನೇ ವಾರಕ್ಕೆ ಹೊಟ್ಟೆ ಉಬ್ಬಿತು, ಕುಂಟಾಬಿಲ್ಲೆ ನಿಂತಿತು. ನಾಲ್ಕನೇ ವಾರ ತಾಯಿ ಫೋನಿನಲ್ಲಿ ಅತ್ತರು. ಗೋಧಿ ಶುರು ಮಾಡುವಾಗ 44ಕ್ಕೆ ಇಳಿದಿದ್ದ ಟಿಟಿಜಿ ಅಷ್ಟರಲ್ಲಿ 71ಕ್ಕೆ ಏರಿತ್ತು. ಅಲ್ಲೇ ನಿಲ್ಲಿಸಿ ಬಯಾಪ್ಸಿ ಮಾಡಬಹುದಿತ್ತು, ಕೆಲವರು ಮಾಡುತ್ತಾರೆ. ತೂಕ ಇಳಿದಿರಲಿಲ್ಲ, ಹಾಗಾಗಿ ಮುಂದುವರಿಸಿದೆ. ಇದು ಸರಿಯಾಗಿತ್ತೇ ಎಂದು ಈಗಲೂ ನನ್ನಲ್ಲಿ ಎರಡು ಮನಸ್ಸಿದೆ. ಮೂರನೆಯ ಬಯಾಪ್ಸಿ ಎಂಬ ಮಾತು ಆ ಮನೆಯಲ್ಲಿ ಆಡುವ ಧೈರ್ಯ ನನಗಿರಲಿಲ್ಲ ಎಂಬುದೇ ನಿಜವಾದ ಕಾರಣ ಇರಬೇಕು. ಎಂಟನೇ ವಾರಕ್ಕೆ ಟಿಟಿಜಿ 126, ಇಎಂಎಯೂ ಸಿಕ್ಕಿತು.

ಸೋಸುವ ಕಾಗದದ ಮೇಲೆ

ಎರಡನೇ ಬಯಾಪ್ಸಿಗೆ ನಾನೂ ಹೋಗಿದ್ದೆ. ರಾತ್ರಿಯಿಂದ ಉಪವಾಸ, ಅರಿವಳಿಕೆ ತಜ್ಞರು ಪಕ್ಕದಲ್ಲೇ. ಇಪ್ಪತ್ತು ನಿಮಿಷದ ಕೆಲಸ. ಪರದೆಯ ಮೇಲೆ ಡ್ಯುಯೋಡಿನಮ್‌ನ ಮಡಿಕೆಗಳ ಅಂಚು ನಯವಾಗಿರಬೇಕಿತ್ತು, ಅಲ್ಲಲ್ಲಿ ಕಚ್ಚು ಬಿದ್ದು ಗರಗಸದ ಹಲ್ಲಿನ ಹಾಗಿತ್ತು. ಬರಗಾಲದ ಕೆರೆಯಂಗಳದಂಥ ಬಿರುಕು. ತಜ್ಞರು ಸ್ವಲ್ಪ ನೀರು ಬಿಟ್ಟರು. ಸಹಜ ಕರುಳಿನಲ್ಲಿ ನೀರಿನೊಳಗೆ ವಿಲ್ಲೈಗಳು ಎಳೆ ಹುಲ್ಲಿನ ಹಾಗೆ ತೂಗುವುದು ಕಾಣುತ್ತದೆ. ಇಲ್ಲಿ ಏನೂ ತೂಗಲಿಲ್ಲ.

ಕಣ್ಣಿಗೆ ಕಂಡದ್ದನ್ನೇ ನಂಬುವಂತಿಲ್ಲ. ಚೆನ್ನಾಗಿ ಕಾಣುವ ಕರುಳಿನಲ್ಲೂ ರೋಗ ಇರುತ್ತದೆ, ತೇಪೆ ತೇಪೆಯಾಗಿಯೂ ಇರುತ್ತದೆ. ಅದಕ್ಕೇ ಎರಡನೇ ಭಾಗದಿಂದ ನಾಲ್ಕು ತುಣುಕು, ಹೊಟ್ಟೆ ದಾಟಿದ ತಕ್ಷಣ ಸಿಗುವ ಬಲ್ಬ್ ಎಂಬ ಜಾಗದಿಂದ ಎರಡು, ಬೇರೆ ಬೇರೆ ಬಾಟಲಿಯಲ್ಲಿ. ಚಿಮಟ ಒಳಗೆ ಹೋದಾಗಲೆಲ್ಲ ಒಂದೇ ತುಣುಕು. ಒಂದೇ ಸಲಕ್ಕೆ ಎರಡು ಕಚ್ಚಿಸಿದರೆ ಸಮಯ ಉಳಿಯುತ್ತದೆ, ತುಣುಕು ಜಜ್ಜಿಹೋಗುತ್ತದೆ.

ನಾನು ಮರೆಯದಿರುವುದು ಅಲ್ಲಿನ ನರ್ಸಮ್ಮನ ಕೈ. ಚಿಮಟದ ಬಾಯಿಂದ ತುಣುಕನ್ನು ಸೂಜಿಯ ಮೊನೆಯಿಂದ ಬಿಡಿಸಿ, ಸೋಸುವ ಕಾಗದದ ಸಣ್ಣ ಚೌಕದ ಮೇಲೆ ವಿಲ್ಲೈ ಮೇಲೆ ಬರುವಂತೆ ಮಗ್ಗುಲು ಬದಲಿಸಿ ಇಟ್ಟರು. ಅದು ಅಂಟಿಕೊಳ್ಳಲಿ ಎಂದು ಹತ್ತು ಎಣಿಸುವಷ್ಟು ಹೊತ್ತು ಕಾದು, ಕಾಗದದ ಸಮೇತ ಫಾರ್ಮಲಿನ್‌ಗೆ ಮಗುಚಿದರು. ಆರು ಸಲ. ದುಡ್ಡಿನ ಲೆಕ್ಕದಲ್ಲಿ ಆ ಕಾಗದಕ್ಕೆ ಏನೂ ಬೆಲೆ ಇಲ್ಲ. ಚೀಟಿಯಲ್ಲಿ ಈ ಸಲ ವಯಸ್ಸು, ಟಿಟಿಜಿ, ಎಂಟು ವಾರ ಗೋಧಿ ತಿಂದದ್ದು, ಮೊದಲ ಬಯಾಪ್ಸಿಯ ಕಥೆ, ಮತ್ತು ಒಂದು ನೇರ ಪ್ರಶ್ನೆ: ಇದು ಸೀಲಿಯಾಕೇ? ಕರುಳು ಎಷ್ಟು ಸವೆದಿದೆ ಎಂದು ಹೇಳುವ ಮಾರ್ಷ್ ದರ್ಜೆ ಎಷ್ಟು?

ಮಗು ಎದ್ದ ಮೇಲೆ ತಾಯಿ ಮೊದಲು ಮಾಡಿದ್ದು ಲಂಗ ಸರಿಸಿ ಹೊಟ್ಟೆ ನೋಡಿದ್ದು. "ಗಾಯಾನ ಇಲ್ಲಲ್ರಿ" ಎಂದು ಇನ್ನೊಂದು ಮಗ್ಗುಲೂ ನೋಡಿದರು.

ವರದಿ ಆರನೇ ದಿನ ಬಂತು. ಎರಡನೇ ಭಾಗದಲ್ಲಿ ಮಾರ್ಷ್ 3ಬಿ, ಬಲ್ಬ್‌ನಲ್ಲಿ 3ಸಿ. ವಿಲ್ಲೈ ಬಹುಪಾಲು ಸವೆದಿವೆ, ಬುಡದ ಕ್ರಿಪ್ಟ್ ಎಂಬ ಗುಳಿಗಳು ಉದ್ದವಾಗಿವೆ, ಮೇಲ್ಪದರದ ನೂರು ಜೀವಕೋಶಕ್ಕೆ 60ಕ್ಕೂ ಹೆಚ್ಚು ಬಿಳಿಕಣ, 25ರ ಒಳಗಿರಬೇಕಾದದ್ದು. ಪೆಥಾಲಜಿಸ್ಟರು ಫೋನಿನಲ್ಲಿ ಅಂದದ್ದು ಒಂದೇ ಮಾತು: "ಕೂಳಿ." ತಂದೆಗೆ ಸ್ಲೈಡಿನ ಚಿತ್ರ ತೋರಿಸಿದೆ, ಪಕ್ಕದಲ್ಲಿ ಸಹಜ ಕರುಳಿನದೂ ಇಟ್ಟು. ರೈತ ಮನುಷ್ಯ, ನಾನು ವಿವರಿಸಬೇಕಾಗಲಿಲ್ಲ. ಎರಡನ್ನೂ ಫೋನಿನಲ್ಲಿ ತೆಗೆದುಕೊಂಡು ಗುರುಗ್ರಾಮಕ್ಕೆ ಕಳಿಸಿದರು, ಆಮೇಲೆ ಇಡೀ ಬಳಗಕ್ಕೆ.

ಗಿರಣಿ

ಪಥ್ಯ ಶುರುವಾದ ಮೂರೇ ತಿಂಗಳಿಗೆ ಅದೇ ಸಿರಪ್ಪಿಗೆ ಹಿಮೋಗ್ಲೋಬಿನ್ 10.8ಕ್ಕೆ ಬಂತು. ಜೋಳ, ಸಜ್ಜೆ, ಅಕ್ಕಿ, ರಾಗಿ, ನವಣೆ ತಿನ್ನುವ ಸೀಮೆಯಲ್ಲಿ ಗೋಧಿ ಬಿಡುವುದು ಹರಿಯಾಣದಷ್ಟು ಕಷ್ಟವಲ್ಲ ಎಂದು ನಾನು ಬೀಗಿದ್ದೆ. ಆದರೆ ಆರು ತಿಂಗಳಿಗೆ ಟಿಟಿಜಿ 126ರಿಂದ 88ಕ್ಕಷ್ಟೇ ಇಳಿಯಿತು. ನಿಧಾನ ಇಳಿಯುವುದು ಸಹಜ, ಎರಡು ವರ್ಷ ಹಿಡಿಯುವ ಮಕ್ಕಳೂ ಇದ್ದಾರೆ. ಆದರೆ ಹೊಟ್ಟೆ ಆಗಾಗ ಉಬ್ಬುತ್ತಿತ್ತು. ಮನೆಯವರು ಕದ್ದು ಕೊಡುತ್ತಿದ್ದಾರೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಂಟು ಬಾಟಲಿ ನೆನಪಾಗಿ ನುಂಗಿಕೊಂಡೆ.

ಬದಲಿಗೆ ಅಡುಗೆಮನೆಯ ಒಂದೊಂದೇ ಡಬ್ಬಿಯ ಹೆಸರು ಹೇಳಿಸಿದೆ. ಇಂಗು: ಅಂಗಡಿಯ ಇಂಗಿನ ಪುಡಿಯಲ್ಲಿ ಬಹಳ ಸಲ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಅಮಾವಾಸ್ಯೆಯ ಪೂಜೆಗೆ ರವೆಯ ಸಜ್ಜಿಗೆ. ಪ್ರಸಾದ ಬೇಡ ಎನ್ನಲಾದೀತೇ, ಒಂದು ಚೂರು ಬಾಯಿಗಿಟ್ಟಿದ್ದಾರೆ. ಖಪಲಿ ಗೋಧಿಯ ಹುಗ್ಗಿ ಎರಡು ಸಲ, ನಾಡ ತಳಿ ಏನೂ ಮಾಡುವುದಿಲ್ಲ ಎಂದು ಯಾರೋ ಹೇಳಿದ್ದರು. ನಾಡ ತಳಿಯಲ್ಲೂ ಗ್ಲುಟೆನ್ ಇದೆ. ಇವೆಲ್ಲ ಸರಿ, ಆದರೆ ದಿನನಿತ್ಯದ್ದಲ್ಲ. ದಿನಾ ತಿನ್ನುವುದು ಜೋಳದ ರೊಟ್ಟಿ.

"ಹಿಟ್ಟು ಎಲ್ಲಿ ಬೀಸಿಸ್ತೀರಿ?"

"ಗಿರಣ್ಯಾಗ ರೀ. ಮತ್ತೆಲ್ಲಿ?"

ಗಿರಣಿಯಲ್ಲಿ ಮುಂದಿನವರ ಗೋಧಿ ಬಿದ್ದು ಮುಗಿದ ಅದೇ ಕಲ್ಲಿಗೆ ಇವರ ಜೋಳ ಬೀಳುತ್ತದೆ. ಮೊದಲ ಸೇರು ಹಿಟ್ಟು ಅರೆಪಾಲು ಗೋಧಿಯದೇ. ಆಹಾರದಲ್ಲಿ ಗ್ಲುಟೆನ್ ಇಲ್ಲ ಎಂದು ಮಾರಲು ಕಾನೂನಿನ ಮಿತಿ ಕಿಲೋಗೆ 20 ಮಿಲಿಗ್ರಾಂ. ಆ ಲೆಕ್ಕಕ್ಕೆ ಗಿರಣಿಯ ಗಾಳಿಯಲ್ಲಿ ಹಾರುವ ಹಿಟ್ಟೇ ಸಾಕು. ನನ್ನ ಪಥ್ಯದ ಪಟ್ಟಿಯಲ್ಲಿ ಬಿಸ್ಕತ್ತು, ಬ್ರೆಡ್ಡು, ಶ್ಯಾವಿಗೆ, ಹೋಳಿಗೆ ಎಲ್ಲ ಇತ್ತು, ಗಿರಣಿ ಇರಲಿಲ್ಲ. ಹುಟ್ಟಿದಾಗಿನಿಂದ ಅದೇ ಗಿರಣಿಯ ಹಿಟ್ಟು ತಿಂದವನಿಗೂ ಹೊಳೆದಿರಲಿಲ್ಲ.

ಅಜ್ಜಿ ಅಟ್ಟದಿಂದ ಬೀಸುಕಲ್ಲು ಇಳಿಸಿದರು. ತೊಳೆಸಿ, ಹಲ್ಲು ಹಾಕಿಸಿ, ಮೂರು ತಿಂಗಳು ತಾವೇ ಬೀಸಿದರು. ಆಮೇಲೆ ಸೊಂಟ ಹಿಡಿಯಿತು, ಮಗ ಸಣ್ಣದೊಂದು ಕರೆಂಟಿನ ಗಿರಣಿ ತಂದರು. ಗೋಧಿ ಮನೆಯೊಳಗೆ ಬರಕೂಡದು ಎಂದು ತಾಯಿ ಕಟ್ಟುನಿಟ್ಟು ಮಾಡಿದರು. ವರ್ಷಕ್ಕೆ ಟಿಟಿಜಿ 31, ಒಂದೂವರೆ ವರ್ಷಕ್ಕೆ 14. ಎರಡನೇ ಬಯಾಪ್ಸಿಯ ದಿನ 13.6 ಕಿಲೋ ಇದ್ದ ಹುಡುಗಿ ಆಗ 20.4. ಎತ್ತರ ಹನ್ನೆರಡು ಸೆಂಟಿಮೀಟರಿಗೂ ಮಿಕ್ಕಿ ಏರಿತ್ತು. ಸ್ಟೆತಸ್ಕೋಪ್ ಇಟ್ಟರೆ ಈಗ ನಗುತ್ತಾಳೆ, ಕಿತ್ತುಕೊಳ್ಳುತ್ತಾಳೆ.

ಈ ಕೇಸಿನ ಮೇಲೆ ನನ್ನ ಮೇಜಿಗೆ ಒಂದು ರಬ್ಬರ್ ಮೊಹರು ಬಂದಿದೆ. ಟಿಟಿಜಿ ಬರೆದ ಪ್ರತಿ ಚೀಟಿಯ ಮೇಲೆ ನೇರಳೆ ಶಾಯಿಯಲ್ಲಿ ಬೀಳುತ್ತದೆ: ಬಯಾಪ್ಸಿ ಆಗುವವರೆಗೆ ಗೋಧಿ ಬಿಡಿಸಬೇಡಿ. ಕಬ್ಬಿಣಕ್ಕೆ ಒಂದು ತಿಂಗಳಲ್ಲಿ ಜಗ್ಗದ ರಕ್ತಹೀನತೆಗೆ ಈಗ ಏಳು ತಿಂಗಳು ಕಾಯುವುದಿಲ್ಲ. ತಾಯಂದಿರಿಗೆ ಔಷಧ ಹಾಕ್ತೀರೋ ಇಲ್ಲೋ ಎಂದು ಕೇಳುವ ಮುಂಚೆ ಸ್ವಲ್ಪ ತಡೆಯುತ್ತೇನೆ.

ಒಡಹುಟ್ಟಿದವರನ್ನೂ ತಂದೆತಾಯಿಯನ್ನೂ ಪರೀಕ್ಷಿಸಬೇಕೆಂಬುದು ನಿಯಮ. ತಮ್ಮನದು, ತಂದೆಯದು ಸಹಜ. ತಾಯಿಯ ರಕ್ತ ಮಾತ್ರ ಹತ್ತಿ ಬಿಡಿಸುವುದು ಮುಗಿಯಲಿ, ದೀಪಾವಳಿ ಆಗಲಿ ಎಂದು ಮುಂದೆ ಹೋಗುತ್ತಲೇ ಇತ್ತು. ಎರಡೂ ಬಸುರಿನಲ್ಲಿ ರಕ್ತ ಕಡಿಮೆಯಾಗಿ ಬಾಟಲಿ ಏರಿಸಿಕೊಂಡ ಹೆಂಗಸು. ಕೊನೆಗೂ ಮಾಡಿಸಿದರೆ ಟಿಟಿಜಿ ಮಿತಿಯ ನಾಲ್ಕು ಪಟ್ಟು. ಚೀಟಿ ಬರೆದು ಮೊಹರು ಒತ್ತಿ ಕೊಟ್ಟೆ, ದಿನಾ ಎರಡು ಚಪಾತಿ ಎಂದೂ ಹೇಳಿದೆ. ಅವರು ಅದನ್ನು ಓದಿ ನಕ್ಕರು.

"ಮನಿ ಒಳಗ ಗೋಧಿ ತರಬ್ಯಾಡ್ರಿ ಅಂತ ನಾನ ಗದ್ಲಾ ಮಾಡೀನ್ರಿ. ಈಗ ನಾ ಎಲ್ಲಿ ಕುಂತು ತಿನ್ಲಿ?"

ಈಗ ಮಗಳು ಸಾಲಿಗೆ ಹೋದ ಮೇಲೆ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ಎರಡು ಚಪಾತಿ ತಿಂದು, ನಳದಲ್ಲಿ ಕೈ ಬಾಯಿ ತೊಳೆದು, ಸೆರಗು ಜಾಡಿಸಿ ಮನೆಯೊಳಗೆ ಬರುತ್ತಾರಂತೆ. ಬಯಾಪ್ಸಿಗೆ ಇನ್ನು ಮೂರು ವಾರ ಇದೆ.